ಪ್ರೆಶರ್ ವಾಷರ್ ತಂದಿರಾ? ನೆಲ ಒಣಗುವುದನ್ನೂ ನೋಡಿಕೊಳ್ಳಿ

ಮಳೆ ಹಿಂದೆ ಸರಿದಿದೆ. ಕರಾವಳಿಯ ನಮ್ಮ ಹಳ್ಳಿಗಳಲ್ಲಿ ಈಗ ಎಲ್ಲಿ ನೋಡಿದರೂ ಅಂಗಳ ಸರಿಮಾಡುವ ಕೆಲಸ. ಒಂದು ಮಳೆಗಾಲದಲ್ಲಿ 3000 ಮಿಲಿಮೀಟರ್‌ಗೂ ಮೀರಿ ಮಳೆ ಸುರಿಯುವ ಊರುಗಳಿವು. ಸಿಮೆಂಟಿನ ಅಂಗಳ, ಹಟ್ಟಿಗೆ ಹೋಗುವ ದಾರಿ, ಬಾವಿಕಟ್ಟೆ, ಮೆಟ್ಟಿಲು ಎಲ್ಲವೂ ಹಾವಸೆ ಹಿಡಿದು ಕಪ್ಪಾಗಿವೆ. ಅಡಿಕೆ ಒಣಹಾಕುವ ಮೊದಲು ಅಂಗಳ ಚೊಕ್ಕವಾಗಬೇಕು, ದೀಪಾವಳಿಯ ಗೋಪೂಜೆಗೆ ಮೊದಲು ಹಟ್ಟಿ ಚೊಕ್ಕವಾಗಬೇಕು. ಹಿಂದೆ ಇದಕ್ಕೆಲ್ಲ ಹಿಡಿಸೂಡಿ, ತೆಂಗಿನ ಸಿಪ್ಪೆ ಮತ್ತು ಮನೆಯ ಹೆಂಗಸರ ಸೊಂಟ ಸಾಕಾಗುತ್ತಿತ್ತು. ಈಗ ಹಲವು ಸದಸ್ಯರ ಮನೆಗಳಲ್ಲಿ ಪ್ರೆಶರ್ ವಾಷರ್ ಬಂದಿದೆ. ಬೈಕ್ ತೊಳೆಯಲು ಮಗ ತಂದದ್ದು ಅಂಗಳಕ್ಕೆ ಇಳಿಯುತ್ತದೆ, ಅಲ್ಲಿಂದ ಹಟ್ಟಿಗೆ ಬರುತ್ತದೆ.

ಬರಲಿ, ಒಳ್ಳೆಯದೇ. ಆದರೆ ಒಕ್ಕೂಟದ ಪಶುವೈದ್ಯನಾಗಿ ಮನೆಮನೆಗೆ ತಿರುಗುವ ನನಗೆ ಈ ಯಂತ್ರದ ಬಗ್ಗೆ ಒಂದಿಷ್ಟು ಹೇಳುವುದಿದೆ. ಒಂದೇ ಮನೆಯಲ್ಲಿ ಎರಡು ಸಲ ಪಾಠ ಕಲಿತ ಕಥೆಯಿಂದ ಶುರು ಮಾಡುತ್ತೇನೆ.

ಎರಡು ವರ್ಷದ ಹಿಂದೆ, ಆಟಿ ತಿಂಗಳ ಒಂದು ಬೆಳಿಗ್ಗೆ ಕರೆ ಬಂತು. ಐದು ಹಸು ಸಾಕಿಕೊಂಡು ಸಂಘಕ್ಕೆ ನಿಯಮಿತವಾಗಿ ಹಾಲು ಹಾಕುವ ಅಕ್ಕನ ಮನೆ. ಎಂಟು ತಿಂಗಳ ಗಬ್ಬದ ಎಚ್‌ಎಫ್ ಹಸು ಹಟ್ಟಿಯಿಂದ ಹೊರಗೆ ಬರುವಾಗ ಅಂಗಳದ ಹಾವಸೆಯ ಮೇಲೆ ಜಾರಿತ್ತು. ಹಿಂಗಾಲುಗಳೆರಡೂ ಆಚೀಚೆ ಅಗಲಕ್ಕೆ ಹೋಗಿ ಬಿದ್ದದ್ದು ಮತ್ತೆ ಏಳಲಿಲ್ಲ. ತೊಡೆಯ ಒಳಗಿನ ಸ್ನಾಯು ಹರಿದಿದ್ದರೆ ಇಷ್ಟು ಭಾರದ ಹಸುವನ್ನು ಎಬ್ಬಿಸುವುದು ಬಹಳ ಕಷ್ಟ. ಬೈಹುಲ್ಲು ದಪ್ಪಕ್ಕೆ ಹಾಸಿ, ದಿನಕ್ಕೆ ನಾಲ್ಕೈದು ಸಲ ಮಗ್ಗುಲು ಬದಲಿಸಿ, ಕೊಡಬೇಕಾದ ಮದ್ದೆಲ್ಲ ಕೊಟ್ಟೆವು. ಒಂಬತ್ತನೆಯ ದಿನ ಹಸು ಹೋಯಿತು, ಹೊಟ್ಟೆಯ ಕರುವೂ ಹೋಯಿತು. ಆ ಅಂಗಳಕ್ಕೆ ಅದಕ್ಕೂ ಹಿಂದಿನ ವರ್ಷಗಳಲ್ಲಿ ಅಡಿಕೆ ಸೋಗೆ ಹಾಸುತ್ತಿದ್ದರಂತೆ. ಆ ವರ್ಷ ಆಳು ಸಿಗದೆ ಬಿಟ್ಟುಹೋಗಿತ್ತು.

ಮಳೆ ಮುಗಿದ ಕೂಡಲೇ ಅಕ್ಕನ ಮಗ ಪ್ರೆಶರ್ ವಾಷರ್ ತಂದ. ಅಂಗಳ ಹೊಸದಾಗಿ ಸಿಮೆಂಟ್ ಹಾಕಿದ ಹಾಗೆ ಬೆಳ್ಳಗಾಯಿತು. ಹಾಗೆಯೇ ಹಟ್ಟಿಯನ್ನೂ ದಿನಕ್ಕೆ ಎರಡು ಸಲ, ಹಸುಗಳನ್ನು ಕಟ್ಟಿದ ಜಾಗದಲ್ಲೇ ಬಿಟ್ಟು, ತೊಳೆಯಲು ಶುರು ಮಾಡಿದರು. ಒಂದೂವರೆ ತಿಂಗಳಲ್ಲಿ ನನಗೆ ಮತ್ತೆ ಕರೆ. ಉಳಿದ ನಾಲ್ಕರಲ್ಲಿ ಮೂರು ಹಸುಗಳಿಗೆ ಒಂದರ ಹಿಂದೆ ಒಂದು ಕೆಚ್ಚಲು ಬಾವು. ಹಾಲಿನಲ್ಲಿ ಗರಣೆ, ಮೊಲೆ ಗಟ್ಟಿ, ಒಂದಕ್ಕೆ ಜ್ವರ ಬೇರೆ.

"ಎಂತ ಡಾಕ್ಟ್ರೇ, ತೊಳೆಯದಿದ್ದರೆ ಜಾರಿ ಬೀಳ್ತದೆ, ತೊಳೆದರೆ ಬಾವು ಬರ್ತದೆ. ನಾವು ಮಾಡುವುದು ಎಂತ ಮತ್ತೆ?" ಎಂದು ಅಕ್ಕ ಕೇಳಿದರು. ಸಿಟ್ಟಿನಲ್ಲಿ ಕೇಳಿದ್ದಲ್ಲ, ನಿಜವಾಗಿಯೂ ಗೊತ್ತಾಗದೆ ಕೇಳಿದ್ದು. ಈ ಲೇಖನ ಅವರಿಗೆ ಅಂದು ನಾನು ಕೊಟ್ಟ ಉತ್ತರವೇ, ಸ್ವಲ್ಪ ವಿಸ್ತಾರವಾಗಿ.

ಚೊಕ್ಕ ಬೇರೆ, ಒಣ ಬೇರೆ

ತೊಳೆದ ನೆಲ ಕಣ್ಣಿಗೆ ಚೊಕ್ಕವಾಗಿ ಕಾಣುತ್ತದೆ. ಆದರೆ ರೋಗಾಣುಗಳಿಗೆ ಬೇಕಾದದ್ದು ಒದ್ದೆ. ಸಗಣಿಯಲ್ಲಿರುವ ಇ-ಕೋಲೈಯಂಥ ಬ್ಯಾಕ್ಟೀರಿಯಾಗಳು ಒದ್ದೆ ನೆಲದಲ್ಲಿ, ರಬ್ಬರ್ ಮ್ಯಾಟಿನ ಅಡಿಯಲ್ಲಿ, ಸಿಮೆಂಟಿನ ಗುಂಡಿಗಳಲ್ಲಿ ಉಳಿದು ಬೆಳೆಯುತ್ತವೆ. ಹಾಲು ಕರೆದು ಮುಗಿಸಿದ ಮೇಲೆ ಮೊಲೆಯ ತುದಿಯ ರಂಧ್ರ ಪೂರ್ತಿ ಮುಚ್ಚಿಕೊಳ್ಳಲು ಅರ್ಧ ಗಂಟೆಯಿಂದ ಒಂದು ಗಂಟೆ ಬೇಕು. ಆ ಹೊತ್ತಿನಲ್ಲಿ ಹಸು ಒದ್ದೆ ನೆಲದಲ್ಲಿ ಮಲಗಿದರೆ ರೋಗಾಣು ನೇರವಾಗಿ ಒಳಗೆ ಹೋಗುತ್ತದೆ. ಅಕ್ಕನ ಮನೆಯಲ್ಲಿ ನಡೆದದ್ದು ಇದೇ. ಬೆಳಿಗ್ಗೆ ಆರಕ್ಕೆ ಕರೆದು, ಹಾಲು ಸಂಘಕ್ಕೆ ಕಳಿಸಿ, ಆರೂವರೆಗೆ ಹಸುವಿನ ಕಾಲಡಿ ಪ್ರೆಶರ್ ಹೊಡೆದು, ಏಳಕ್ಕೆ ಹಸು ಮಲಗಿಯಾಯಿತು. ಯಂತ್ರದ ನೀರು ಸಗಣಿಯನ್ನು ಮೋರಿಗೆ ದೂಡಿದ್ದು ನಿಜ. ಅದರ ಸಣ್ಣ ಹನಿಗಳನ್ನು ಕೆಚ್ಚಲಿನ ಮೇಲೆ, ತೊಡೆಯ ಮೇಲೆ, ಮೇವಿನ ಬಾನಿಯ ಮೇಲೆ ಎರಚಿದ್ದೂ ನಿಜ.

ಹೀಗಾಗಿ ಯಂತ್ರ ಇರಲಿ ಇಲ್ಲದಿರಲಿ, ಹಟ್ಟಿಯ ದಿನದ ಕೆಲಸ ಶುರುವಾಗಬೇಕಾದದ್ದು ನೀರಿನಿಂದಲ್ಲ, ಹಾರೆ ಮತ್ತು ಹಿಡಿಸೂಡಿಯಿಂದ. ಸಗಣಿಯನ್ನು ಒಣಗೇ ಎತ್ತಿ ತೆಗೆದರೆ ನೀರಿಗೆ ಉಳಿಯುವ ಕೆಲಸ ಬಹಳ ಕಡಿಮೆ. ಕರೆಯುವ ಮೊದಲು ಸಗಣಿ ಎತ್ತಿ, ಕೆಚ್ಚಲು ಮಾತ್ರ ತೊಳೆದು, ಒಣಬಟ್ಟೆಯಿಂದ ಒರೆಸಿ ಕರೆಯಿರಿ. ಕರೆದ ಮೇಲೆ ಮೊಲೆಗಳನ್ನು ಅಯೋಡಿನ್ ದ್ರಾವಣದಲ್ಲಿ ಅದ್ದಿ, ಹಸುವಿನ ಮುಂದೆ ಹಸಿಹುಲ್ಲು ಹಾಕಿ. ತಿನ್ನುತ್ತಾ ನಿಂತಿರುತ್ತದೆ, ಮಲಗುವುದಿಲ್ಲ. ಪ್ರೆಶರ್ ವಾಷರ್‌ನ ಸರದಿ ಹಸುಗಳು ಹೊರಗಿರುವಾಗ, ಬೆಳಗಿನ ಬಿಸಿಲು ಏರಿದ ಮೇಲೆ. ಮಧ್ಯಾಹ್ನದ ಹೊತ್ತಿಗೆ ನೆಲ ಒಣಗಿರಬೇಕು. ಸಂಜೆ ತೊಳೆದರೆ ರಾತ್ರಿಯಿಡೀ ಒದ್ದೆ. ದಿನಾ ಯಂತ್ರ ಹಿಡಿಯುವ ಅಗತ್ಯವೂ ಇಲ್ಲ. ದಿನಾ ಹಿಡಿಸೂಡಿ, ವಾರಕ್ಕೆ ಒಂದೆರಡು ಸಲ ಯಂತ್ರ. ಅಂದೇ ಮ್ಯಾಟನ್ನು ಎತ್ತಿ ಅಡಿಭಾಗವನ್ನೂ ತೊಳೆದು ಬಿಸಿಲಿಗೆ ಹಾಕಿ. ಮಳೆಗಾಲದಲ್ಲಿ ಅದೂ ಬೇಡ, ಆಗ ನೆಲಕ್ಕೆ ನೀರು ಕಡಿಮೆಯಾದಷ್ಟೂ ಒಳ್ಳೆಯದು.

ನೆಲ ಒಣಗುವುದಿಲ್ಲ ಎನ್ನುವವರು ಮೊದಲು ಇಳಿಜಾರು ನೋಡಿ. 40ರಿಂದ 60 ಅಡಿಗೆ ಒಂದು ಅಡಿಯಷ್ಟು ಇಳಿಜಾರು ಮೋರಿಯ ಕಡೆಗೆ ಇರಬೇಕು. ಒಂದು ಕೊಡ ನೀರು ಸುರಿದು ನೋಡಿ. ಎಲ್ಲಿ ನಿಲ್ಲುತ್ತದೋ ಅಲ್ಲಿ ಸೀಮೆಸುಣ್ಣದಿಂದ ಗುರುತು ಮಾಡಿ, ಆ ಗುಂಡಿಗಳನ್ನು ಸಿಮೆಂಟಿನಿಂದ ತುಂಬಿಸಿ. ನೂರು ಸಲ ತೊಳೆಯುವುದಕ್ಕಿಂತ ಇದು ಉಪಯೋಗ.

ಆ ಗನ್ನಿನಲ್ಲಿ ನಾಲ್ಕೈದು ಜೋಗವಿದೆ

ಯಂತ್ರದ ಮೇಲೆ 100 ಬಾರ್, 120 ಬಾರ್, 130 ಬಾರ್ ಎಂದೆಲ್ಲ ಬರೆದಿರುತ್ತದೆ. ಇದು ಎಷ್ಟು ಎಂದು ಹೆಚ್ಚಿನವರಿಗೆ ಅಂದಾಜು ಇಲ್ಲ. ಹತ್ತು ಮೀಟರ್ ಎತ್ತರದ ಟ್ಯಾಂಕಿನಿಂದ ಇಳಿಯುವ ನೀರಿಗೆ ಸುಮಾರು 1 ಬಾರ್ ಒತ್ತಡ. ಜೋಗ ಜಲಪಾತದ ಎತ್ತರ 253 ಮೀಟರ್. ಅಷ್ಟುದ್ದದ ಪೈಪನ್ನು ನೆಟ್ಟಗೆ ನಿಲ್ಲಿಸಿ ನೀರು ತುಂಬಿದರೆ ಅದರ ಬುಡದಲ್ಲಿ ಇರುವ ಒತ್ತಡ 25 ಬಾರ್ ಚಿಲ್ಲರೆ. ನಿಮ್ಮ ಕೈಯಲ್ಲಿರುವ ಗನ್ನಿನಲ್ಲಿ ಅದರ ನಾಲ್ಕೈದು ಪಟ್ಟು ಇದೆ. ಇದು ಹಸುವಿಗೆ ಸ್ನಾನ ಮಾಡಿಸುವ ನೀರಲ್ಲ.

ಕೆಲವರು ಮಾಡಿಸುತ್ತಾರೆ, ನಾನೇ ನೋಡಿದ್ದೇನೆ. ದೂರದಿಂದ ಹೊಡೆದರೆ ಏನೂ ಆಗುವುದಿಲ್ಲ ಎಂಬ ವಾದ. ಕಣ್ಣು, ಕಿವಿ, ಮೊಲೆ, ಗೊರಸಿನ ಸಂದು, ಗಬ್ಬದ ಹಸುವಿನ ಹೊಟ್ಟೆ, ಇವುಗಳಲ್ಲಿ ಎಲ್ಲಿ ತಾಗಿದರೂ ಕೆಡುಕೇ. ಯಂತ್ರದ ಸದ್ದಿಗೆ ಹೆದರಿದ ಹಸು ಸೊರೆ ಬಿಡುವುದಿಲ್ಲ. ಹೆದರಿಕೆಯಲ್ಲಿ ಮೈಯಲ್ಲಿ ಹುಟ್ಟುವ ಅಡ್ರಿನಲಿನ್, ಹಾಲು ಇಳಿಸುವ ಆಕ್ಸಿಟೋಸಿನ್ ಕೆಲಸವನ್ನು ತಡೆಯುತ್ತದೆ. ಹಾಗಾಗಿ ಕರೆಯುವ ಹೊತ್ತಿನ ಆಸುಪಾಸಿನಲ್ಲಿ ಪಕ್ಕದ ಅಂಗಳದಲ್ಲೂ ಯಂತ್ರ ಬೇಡ. ಹಸುವಿನ ಸ್ನಾನಕ್ಕೆ ಸಾಮಾನ್ಯ ಪೈಪು, ತೆಂಗಿನ ನಾರು ಮತ್ತು ನಿಮ್ಮ ಕೈ ಸಾಕು. ಕೈಯಿಂದ ಉಜ್ಜಿದರೆ ಉಣ್ಣೆ ಎಲ್ಲಿದೆ, ಗಾಯ ಎಲ್ಲಿದೆ ಎಂದೂ ಗೊತ್ತಾಗುತ್ತದೆ.

ಮನುಷ್ಯರ ಮೈಗೂ ಅಷ್ಟೇ. ಹತ್ತಿರದಿಂದ ತಾಗಿದ ಸಪೂರ ನೀರಿನ ಧಾರೆ ಚರ್ಮ ಸೀಳಿ ಒಳಗೆ ಹೋಗಬಲ್ಲದು. ಹೊರಗೆ ಮುಳ್ಳು ಚುಚ್ಚಿದಷ್ಟೇ ಗಾಯ, ಒಳಗೆ ಕೊಳೆನೀರು ಬೆರಳಿನುದ್ದಕ್ಕೂ ಹರಡಿರುತ್ತದೆ. ಹೀಗಾದರೆ ಅರಸಿನ ಹಚ್ಚಿ ಮಲಗಬೇಡಿ, ಆ ಕೂಡಲೇ ಆಸ್ಪತ್ರೆಗೆ ಹೋಗಿ, ಪ್ರೆಶರ್ ವಾಷರ್‌ನ ನೀರು ಹೊಕ್ಕಿದೆ ಎಂದೇ ವೈದ್ಯರಿಗೆ ಹೇಳಿ. ಬರಿಗಾಲಿನಲ್ಲಿ, ಚಪ್ಪಲಿಯಲ್ಲಿ ಈ ಯಂತ್ರ ಹಿಡಿಯುವುದು ನಮ್ಮೂರಿನ ಅಭ್ಯಾಸ. ಗಮ್‌ಬೂಟು ಹಾಕಿ. ಕಣ್ಣಿಗೆ ಕನ್ನಡಕ ಇರಲಿ. ಮಕ್ಕಳ ಕೈಗೆ ಗನ್ ಕೊಡಬೇಡಿ, ಕೆಲಸ ಮುಗಿದು ಸ್ವಿಚ್ ಆರಿಸಿದ ಮೇಲೂ ಒಮ್ಮೆ ಟ್ರಿಗರ್ ಒತ್ತಿ ಒಳಗೆ ಉಳಿದ ಒತ್ತಡ ಬಿಡಿ.

ನಳಿಗೆಯ ತುದಿಗೆ ಬಣ್ಣಬಣ್ಣದ ನಾಜಲ್‌ಗಳು ಬರುತ್ತವೆ. ಸಾಮಾನ್ಯವಾಗಿ ಕೆಂಪು ಎಂದರೆ ಒಂದೇ ಧಾರೆ, ಹಳದಿ 15 ಡಿಗ್ರಿ, ಹಸಿರು 25, ಬಿಳಿ 40, ಕಪ್ಪು ಸೋಪು ನೀರಿಗೆ. ಕೆಂಪನ್ನು ಪೆಟ್ಟಿಗೆಯಲ್ಲೇ ಬಿಡಿ, ಮನೆಯಲ್ಲಿ ಅದಕ್ಕೆ ಕೆಲಸವಿಲ್ಲ. ಅಂಗಳದ ಹಾವಸೆಗೆ ಹಸಿರು, ಹಟ್ಟಿಯ ನೆಲಕ್ಕೆ ಮತ್ತು ಮ್ಯಾಟಿಗೆ ಬಿಳಿ. ಕೆಲವು ಯಂತ್ರಗಳಲ್ಲಿ ಬೇರೆ ಬೇರೆ ನಾಜಲ್ ಇಲ್ಲ, ತಿರುಗಿಸಿ ಅಗಲ ಮಾಡುವ ಒಂದೇ ತುದಿ ಇರುತ್ತದೆ. ಅದನ್ನು ಬೀಸಣಿಗೆಯ ಹಾಗೆ ಅಗಲಕ್ಕೇ ಇಡಿ.

ಕರೆಂಟು

ಇದನ್ನು ಪ್ರತ್ಯೇಕವಾಗಿ ಹೇಳಲೇಬೇಕು. ಒದ್ದೆ ನೆಲ, ಎಲ್ಲೋ ಜೋಡಿಸಿ ಟೇಪು ಸುತ್ತಿದ ವಯರು, ಕಬ್ಬಿಣದ ಕಂಬಕ್ಕೆ ಕಟ್ಟಿದ ಹಸು. ಇದಕ್ಕಿಂತ ಅಪಾಯದ ಜೋಡಿ ಇನ್ನೊಂದಿಲ್ಲ. ಮನುಷ್ಯನಿಗೆ ಸಣ್ಣಗೆ ಜುಮ್ಮೆನಿಸುವಷ್ಟು ಸೋರಿಕೆ ಹಸುವಿಗೆ ಜೋರಾಗಿಯೇ ತಾಗುತ್ತದೆ. ಒದ್ದೆ ನೆಲದಲ್ಲಿ ನಾಲ್ಕು ಗೊರಸು ಊರಿ ನಿಂತ ಪ್ರಾಣಿಯದು, ಮುಂಗಾಲಿಗೂ ಹಿಂಗಾಲಿಗೂ ನಡುವೆ ಅಂತರವೂ ಹೆಚ್ಚು. ಹಟ್ಟಿಯ ಲೈನಿಗೆ 30 ಮಿಲಿ ಆಂಪಿಯರ್‌ನ ಆರ್‌ಸಿಸಿಬಿ ಹಾಕಿಸಿ. ಸೋರಿಕೆಯಾದ ಕ್ಷಣ ಅದು ಕರೆಂಟು ಕಡಿಯುತ್ತದೆ. ಒಂದು ಹಸುವಿನ ಬೆಲೆಯ ಮುಂದೆ ಅದರ ಬೆಲೆ ಏನೇನೂ ಅಲ್ಲ. ಎಮ್‌ಸಿಬಿ ಇದೆಯಲ್ಲ ಎಂದು ಸುಮ್ಮನಾಗಬೇಡಿ, ಅದರ ಕೆಲಸ ಬೇರೆ, ವಯರು ಸುಡದಂತೆ ನೋಡಿಕೊಳ್ಳುವುದು ಮಾತ್ರ.

ಯಂತ್ರಕ್ಕೆ ಮೂರು ಪಿನ್ನಿನ 16 ಆಂಪಿಯರ್ ಸಾಕೆಟ್, ಸರಿಯಾದ ಅರ್ತಿಂಗ್ ಬೇಕು. ಎಕ್ಸ್‌ಟೆನ್ಷನ್ ಬೋರ್ಡನ್ನು ನೆಲದ ಮೇಲಿಟ್ಟು ಓಡಿಸುವುದು ಬೇಡ. ಹಾಲು ಕರೆಯುವ ಯಂತ್ರದ ಮೋಟಾರು, ಹುಲ್ಲು ಕತ್ತರಿಸುವ ಯಂತ್ರ, ಫ್ಯಾನು, ಸ್ವಿಚ್ ಬೋರ್ಡು, ಇವುಗಳ ಕಡೆಗೆ ಗನ್ ತಿರುಗಿಸಲೇಬಾರದು. ಬೇರಿಂಗಿನ ಗ್ರೀಸೂ ತೊಳೆದುಹೋಗುತ್ತದೆ. ಅಂದಹಾಗೆ ಹಾಲಿನ ಕ್ಯಾನು, ಪಾತ್ರೆಗಳಿಗೂ ಈ ಯಂತ್ರ ಬೇಡ. ಹಾಲಿನ ಜಿಡ್ಡು ಹೋಗುವುದು ಒತ್ತಡಕ್ಕಲ್ಲ, ಬಿಸಿನೀರು ಮತ್ತು ತೊಳೆಯುವ ಪುಡಿಗೆ.

ಕಂದು ಹಾಕಿದ ಜಾಗದಲ್ಲಿ ಯಂತ್ರ ಬೇಡವೇ ಬೇಡ

ಇಡೀ ಲೇಖನದಲ್ಲಿ ಒಂದನ್ನು ಮಾತ್ರ ನೆನಪಿಡುವುದಾದರೆ ಇದನ್ನು ಇಟ್ಟುಕೊಳ್ಳಿ. ಹಸು ಆರೇಳು ತಿಂಗಳಿಗೆ ಕಂದು ಹಾಕಿದರೆ ಮೊದಲು ಅನುಮಾನ ಪಡಬೇಕಾದದ್ದು ಕಂದು ರೋಗ, ಅಂದರೆ ಬ್ರುಸೆಲ್ಲೋಸಿಸ್. ಆ ಕಸದಲ್ಲಿ, ನೀರಿನಲ್ಲಿ, ಸತ್ತ ಕರುವಿನ ಮೈಮೇಲೆ ರೋಗಾಣು ಲೆಕ್ಕವಿಲ್ಲದಷ್ಟು ಇರುತ್ತದೆ. ಇದು ಮನುಷ್ಯರಿಗೂ ಬರುವ ರೋಗ. ಬಂದು ಹೋಗಿ ಮಾಡುವ ಜ್ವರ, ರಾತ್ರಿ ಬೆವರು, ಸೊಂಟ ಮತ್ತು ಕೀಲುಗಳ ನೋವು ತಿಂಗಳುಗಟ್ಟಲೆ ಕಾಡುತ್ತದೆ. ರೋಗಾಣು ಗಾಯದ ಮೂಲಕ, ಕಣ್ಣಿನ ಮೂಲಕ, ಉಸಿರಿನ ಮೂಲಕವೂ ಒಳಹೋಗುತ್ತದೆ. ಪ್ರೆಶರ್ ನೀರು ಮಾಡುವುದೇ ಅದನ್ನು: ನೆಲದ ಮೇಲಿದ್ದದ್ದನ್ನು ಮಂಜಿನಂಥ ಹನಿ ಮಾಡಿ ಗಾಳಿಗೆ ಏರಿಸುವುದು.

ಅಸಹ್ಯವಾಗಿದೆ, ಬೇಗ ತೊಳೆದುಬಿಡೋಣ ಎಂದು ಯಾರಿಗೂ ಅನಿಸುತ್ತದೆ. ತಡೆಯಿರಿ. ಕೈಗವಸು, ಮಾಸ್ಕು ಹಾಕಿ, ಸತ್ತ ಕರು, ಕಸ, ಹಾಸಿದ ಹುಲ್ಲು ಎಲ್ಲವನ್ನೂ ನಾಯಿ ಎಳೆಯದಷ್ಟು ಆಳಕ್ಕೆ ಸುಣ್ಣ ಹಾಕಿ ಹೂಳಿ. ಆ ನೆಲದ ಮೇಲೆ ಪಶುವೈದ್ಯರು ಹೇಳಿದ ಸೋಂಕುನಿವಾರಕವನ್ನು ನಿಧಾನಕ್ಕೆ ಸುರಿದು ಅರ್ಧ ಗಂಟೆಯಾದರೂ ಬಿಡಿ. ಆಮೇಲೆ ಬಕೆಟ್ಟಿನ ನೀರು ಸುರಿದು ತೊಳೆಯಿರಿ. ಮನೆಯಲ್ಲಿ ಬಸುರಿ ಹೆಂಗಸರಿದ್ದರೆ ಅವರು ಆ ಕಡೆ ಹೋಗುವುದು ಬೇಡ. ಹೆಣ್ಣು ಕರುಗಳಿಗೆ ನಾಲ್ಕರಿಂದ ಎಂಟು ತಿಂಗಳ ಒಳಗೆ ಒಮ್ಮೆ ಹಾಕಿಸುವ ಲಸಿಕೆ ಇದೆ, ತಪ್ಪಿಸಬೇಡಿ.

ಇಲಿಜ್ವರದ ಮಾತೂ ಇಲ್ಲೇ ಹೇಳಿಬಿಡುತ್ತೇನೆ. ಇಲಿಯ ಮೂತ್ರದಿಂದ ಬರುವ ಈ ಕಾಯಿಲೆ ಮಳೆಗಾಲ ಮುಗಿಯುವ ಹೊತ್ತಿಗೆ ನಮ್ಮ ಕಡೆ ಇದ್ದೇ ಇದೆ. ದನಗಳ ಮೂತ್ರದಲ್ಲೂ ಆ ರೋಗಾಣು ಇರಬಹುದು. ಕಾಲಿನ ಒಡಕು, ಕಣ್ಣಿಗೆ ಹಾರಿದ ಹನಿ, ಎರಡೂ ಅದಕ್ಕೆ ದಾರಿ. ಗಮ್‌ಬೂಟು, ಕನ್ನಡಕ ಎಂದು ನಾನು ಮೇಲೆ ಹೇಳಿದ್ದು ಬರೇ ಗಾಯದ ಹೆದರಿಕೆಗಲ್ಲ. ಹಟ್ಟಿ ತೊಳೆದ ಒಂದೆರಡು ವಾರದೊಳಗೆ ಜೋರು ಜ್ವರ, ಮೀನಖಂಡದ ನೋವು, ಕಣ್ಣು ಕೆಂಪಾಗುವುದು ಕಂಡರೆ, ಮನೆಯಲ್ಲಿ ದನಗಳಿವೆ ಎಂಬುದನ್ನು ವೈದ್ಯರಿಗೆ ಮರೆಯದೆ ಹೇಳಿ.

ಅಂಗಳದ ಹಾವಸೆ

ಅಕ್ಕನ ಮೊದಲ ಹಸು ಹೋದದ್ದು ಹಾವಸೆಯಿಂದ. ಆದ್ದರಿಂದ ಅಂಗಳಕ್ಕೆ ಯಂತ್ರ ಹಿಡಿಯುವುದು ಸರಿಯಾದ ಕೆಲಸ, ಅದರಲ್ಲೂ ಹಟ್ಟಿಯ ಬಾಗಿಲಿನಿಂದ ಹಸು ನಡೆಯುವ ದಾರಿಗೆ. ಆದರೆ ಹಾವಸೆ ನೀರಿನ ಹೊಡೆತಕ್ಕೆ ಪೂರ್ತಿ ಸಾಯುವುದಿಲ್ಲ. ಮೇಲಿನ ಪದರ ಹಾರಿಹೋಗುತ್ತದೆ, ಸಿಮೆಂಟಿನ ಸಣ್ಣ ರಂಧ್ರದಲ್ಲಿ ಉಳಿದದ್ದು ಎರಡು ಮಳೆಗೆ ಮತ್ತೆ ಚಿಗುರುತ್ತದೆ. ಬಿಸಿಲಿರುವ ದಿನ ನೋಡಿ, 10 ಲೀಟರ್ ನೀರಿಗೆ 200 ಗ್ರಾಂ ಬ್ಲೀಚಿಂಗ್ ಪೌಡರ್ ಕದಡಿ, ಕೆಳಗೆ ಇಳಿದದ್ದನ್ನು ಬಿಟ್ಟು ಮೇಲಿನ ತಿಳಿಯನ್ನು ಅಂಗಳಕ್ಕೆ ಹಾಕಿ. ಕಾಲು ಗಂಟೆ ಬಿಟ್ಟು ಹಿಡಿಸೂಡಿಯಿಂದ ಉಜ್ಜಿ, ಆಮೇಲೆ ಯಂತ್ರ. ಅಷ್ಟು ಹೊತ್ತು ದನ, ನಾಯಿ, ಕೋಳಿ ಯಾವುದೂ ಅಲ್ಲಿ ಓಡಾಡುವುದು ಬೇಡ. ಆ ನೀರು ಬಾವಿಯ ಕಡೆಗೆ, ಮೀನಿನ ಹೊಂಡಕ್ಕೆ ಹರಿಯದಂತೆ ನೋಡಿಕೊಳ್ಳಿ.

ಬ್ಲೀಚಿಂಗ್ ಪೌಡರಿನ ಜೊತೆ ಆ್ಯಸಿಡ್ ಸೇರಿಸಬೇಡಿ. ಎರಡೂ ಹಾಕಿದರೆ ಡಬಲ್ ಚೊಕ್ಕ ಎಂದು ಮಾಡುವವರಿದ್ದಾರೆ. ಅದರಿಂದ ಏಳುವುದು ಕ್ಲೋರಿನ್ ಗಾಳಿ, ಮುಚ್ಚಿದ ಜಾಗದಲ್ಲಿ ಜೀವಕ್ಕೇ ಅಪಾಯ. ಗಂಜಲ ನಿಂತ ಮೋರಿಗೆ ಬ್ಲೀಚಿಂಗ್ ಸುರಿದರೂ ಕಣ್ಣು, ಗಂಟಲು ಉರಿಸುವ ಗಾಳಿ ಏಳುತ್ತದೆ. ಮೊದಲು ಗಂಜಲ ನೀರು ಹಾಕಿ ದೂಡಿ. ಬರೇ ಆ್ಯಸಿಡ್ ಕೂಡ ಅಂಗಳಕ್ಕೆ ಒಳ್ಳೆಯದಲ್ಲ, ಅದು ಸಿಮೆಂಟನ್ನೇ ತಿನ್ನುತ್ತದೆ.

ಗನ್ನನ್ನು ನೆಲಕ್ಕೆ ತಾಗಿಸಿ ಹೊಡೆಯುವ ಚಪಲವೂ ಬೇಡ. ಒಂದು ಅಡಿ ದೂರದಲ್ಲಿ, ಓರೆಯಾಗಿ, ಗುಡಿಸುವ ಹಾಗೆ ಸಾಗಬೇಕು. ಹತ್ತಿರದಿಂದ ಹೊಡೆದರೆ ಸಿಮೆಂಟಿನ ಮೇಲಿನ ನಯ ಹಾರಿ ಮರಳು, ಜಲ್ಲಿ ಮೇಲೆದ್ದು ಬರುತ್ತದೆ. ಹಟ್ಟಿಯಲ್ಲಾದರೆ ಅದು ಗೊರಸು ಸವೆಸುತ್ತದೆ, ಅಂಗಳದಲ್ಲಾದರೆ ಮುಂದಿನ ವರ್ಷ ಹಾವಸೆಗೆ ಇನ್ನೂ ಒಳ್ಳೆಯ ಜಾಗ. ಇಂಟರ್‌ಲಾಕ್ ಹಾಕಿದವರು ಸಂದಿನ ಮರಳು ಹಾರಿಹೋಗುವುದನ್ನು ಗಮನಿಸಿ, ತೊಳೆದು ಒಣಗಿದ ಮೇಲೆ ಮತ್ತೆ ಸಣ್ಣ ಮರಳು ಗುಡಿಸಿ ತುಂಬಿಸಿ. ಕೆಂಪು ಕಲ್ಲಿನ ಗೋಡೆ, ಕಟ್ಟೆ ಇದ್ದರೆ ಕೈ ಬಿಗಿಹಿಡಿಯಿರಿ. ನಮ್ಮ ಮುರಕಲ್ಲು ಮೆದು, ಅದರ ಮಣ್ಣು ತೊಳೆದುಹೋಗಿ ಗೂಡುಗೂಡಾಗಿ ಉಳಿಯುತ್ತದೆ. ಹಟ್ಟಿಯ ಗೋಡೆಯ ಬಿರುಕಿನಲ್ಲಿ ಉಣ್ಣೆ ಮೊಟ್ಟೆ ಇಡುತ್ತದೆ, ಅಲ್ಲಿಗೆ ಹೊಡೆದರೆ ಒಂದಿಷ್ಟು ಹೋಗುತ್ತವೆ ನಿಜ. ಆದರೆ ಒಣಗಿದ ಮೇಲೆ ಬಿರುಕಿಗೆ ಸಿಮೆಂಟ್ ತುಂಬಿ ಸುಣ್ಣ ಬಳಿಯದಿದ್ದರೆ ಪ್ರಯೋಜನವಿಲ್ಲ.

ಹಾವಸೆಗೆ ಎಲ್ಲಕ್ಕಿಂತ ದೊಡ್ಡ ಮದ್ದು ಬಿಸಿಲು. ಅಂಗಳದ ಮೇಲೆ ಬಾಗಿದ ಗೆಲ್ಲು ಕಡಿಯಿರಿ. ಮಾಡಿನ ನೀರು ಬೀಳುವಲ್ಲಿ ದಂಬೆ ಕಟ್ಟಿ ಬದಿಗೆ ಹರಿಸಿ. ಹಸು ನಡೆಯುವ ದಾರಿಗೆ ಹೊಸದಾಗಿ ಸಿಮೆಂಟ್ ಹಾಕಿಸುವಾಗ ಮೇಸ್ತ್ರಿಗೆ ಹೇಳಿ ಅಡ್ಡಡ್ಡ ಗೀರು ಎಳೆಸಿ. ಮತ್ತೆ, ಮಳೆಗಾಲದಲ್ಲಿ ಅಡಿಕೆ ಸೋಗೆ ಹಾಸುವ ಅಜ್ಜಿಯರ ಕ್ರಮವನ್ನು ಯಂತ್ರ ಬಂತೆಂದು ಬಿಡಬೇಡಿ. ಯಂತ್ರ ಅಕ್ಟೋಬರಿನ ಕೆಲಸಕ್ಕೆ, ಸೋಗೆ ಜುಲೈಯ ಕೆಲಸಕ್ಕೆ.

ತೊಳೆದ ನೀರು ಎಲ್ಲಿಗೆ?

ನಿಮ್ಮ ಸಾಮಾನ್ಯ ಪೈಪಿನಲ್ಲಿ ನಿಮಿಷಕ್ಕೆ ಎಷ್ಟು ನೀರು ಬರುತ್ತದೆ ಎಂದು ಬಕೆಟ್ ಇಟ್ಟು ಅಳೆದು ನೋಡಿ. 20 ಲೀಟರಿನ ಬಕೆಟ್ ಒಂದು ನಿಮಿಷಕ್ಕೆ ತುಂಬಿದರೆ, ಇಪ್ಪತ್ತು ನಿಮಿಷ ತೊಳೆದಾಗ 400 ಲೀಟರ್ ಹೋಯಿತು. ಮನೆಬಳಕೆಯ ಪ್ರೆಶರ್ ವಾಷರ್ ನಿಮಿಷಕ್ಕೆ ಆರೇಳು ಲೀಟರ್ ಎಳೆಯುತ್ತದೆ, ಅದೇ ಇಪ್ಪತ್ತು ನಿಮಿಷಕ್ಕೆ 120ರಿಂದ 140 ಲೀಟರ್. ಮಾರ್ಚ್, ಏಪ್ರಿಲ್‌ನಲ್ಲಿ ಬಾವಿಯ ತಳ ಕಾಣುವ ಮನೆಗಳಿಗೆ ಈ ಉಳಿತಾಯ ದೊಡ್ಡದು.

ಗೋಬರ್ ಗ್ಯಾಸ್ ಇರುವವರ ಲೆಕ್ಕ ಸ್ವಲ್ಪ ಬೇರೆ. ಐದು ಹಸುಗಳಿಂದ ದಿನಕ್ಕೆ ಸುಮಾರು 75 ಕಿಲೋ ಸಗಣಿ ಎಂದಿಟ್ಟುಕೊಳ್ಳಿ. ಅದಕ್ಕೆ ಅಷ್ಟೇ ನೀರು, 75 ಲೀಟರ್ ಸಾಕು. ಎರಡು ಹೊತ್ತು ಯಂತ್ರ ಹಿಡಿದು 240 ಲೀಟರ್ ನೀರನ್ನೂ ಗ್ಯಾಸಿನ ಗುಂಡಿಗೆ ಬಿಟ್ಟರೆ ಸಗಣಿ ಕೊಳೆಯುವ ಮೊದಲೇ ತೆಳುವಾಗಿ ಹೊರಗೆ ಹರಿಯುತ್ತದೆ, ಒಲೆ ಮಂಕಾಗುತ್ತದೆ. ಬ್ಲೀಚಿಂಗ್, ಫಿನೈಲು, ಸೋಪಿನ ನೀರು ಹೋದರೆ ಗ್ಯಾಸ್ ಮಾಡುವ ಬ್ಯಾಕ್ಟೀರಿಯಾಗಳೇ ಸಾಯುತ್ತವೆ. ಒಣಗಿಯೇ ಎತ್ತಿದ ಸಗಣಿ ಗ್ಯಾಸಿಗೆ, ತೊಳೆದ ನೀರು ಬೇರೆ ಮೋರಿಯಲ್ಲಿ ಹುಲ್ಲಿನ ಗದ್ದೆಗೆ, ಹೀಗೆ ಎರಡು ದಾರಿ ಮಾಡಿಕೊಳ್ಳಿ. ಬ್ಲೀಚಿಂಗ್ ಹಾಕಿದ ದಿನದ ನೀರು ಗದ್ದೆಗೂ ಬೇಡ.

ಯಂತ್ರದ ಆಯುಷ್ಯದ ಬಗ್ಗೆ ಎರಡು ಮಾತು. ಕೆಸರು ನೀರು, ಮರಳು ಬಂದರೆ ಪಂಪು ಸವೆಯುತ್ತದೆ, ಬಾಯಿಗೆ ಫಿಲ್ಟರ್ ಹಾಕಿ. ನೀರಿಲ್ಲದೆ ಒಂದು ನಿಮಿಷವೂ ಓಡಿಸಬೇಡಿ. ಡ್ರಮ್ಮಿನಿಂದ ನೀರು ಎಳೆಯಬೇಕೆಂದಿದ್ದರೆ, ತಾನೇ ನೀರೆಳೆಯುವ ಯಂತ್ರವೇ ಹೌದಾ ಎಂದು ಅಂಗಡಿಯಲ್ಲಿ ಕೇಳಿ ತನ್ನಿ. ಎಲ್ಲವೂ ಎಳೆಯುವುದಿಲ್ಲ.

ಎರಡು ಮೂರು ಹಸುವಿನ ಮನೆಗೆ ಸ್ವಂತ ಯಂತ್ರ ಬೇಕೇ ಎಂದರೆ, ನನ್ನ ಅಭಿಪ್ರಾಯದಲ್ಲಿ ಬೇಡ. ನಾಲ್ಕೈದು ಮನೆ ಸೇರಿ ಒಂದು ತಂದರೆ ಸಾಕು. ಆದರೆ ಅದರ ಚಕ್ರ, ಪೈಪು ಒಂದು ಹಟ್ಟಿಯ ಸಗಣಿಯನ್ನು ಇನ್ನೊಂದು ಹಟ್ಟಿಗೆ ಹೊತ್ತೊಯ್ಯದಂತೆ ಎಚ್ಚರ ಬೇಕು. ಸುತ್ತಮುತ್ತ ಕಾಲುಬಾಯಿ ಜ್ವರ ಕಾಣಿಸಿದ್ದರೆ ಯಂತ್ರ ಮನೆ ಬದಲಿಸುವುದೇ ಬೇಡ. ಉಳಿದ ದಿನಗಳಲ್ಲಿ ಲೀಟರಿಗೆ 40 ಗ್ರಾಂ ವಾಷಿಂಗ್ ಸೋಡಾ ಕರಗಿಸಿದ ನೀರಿನಿಂದ ಚಕ್ರ, ಪೈಪು ಒರೆಸಿಯೇ ಮುಂದಿನ ಮನೆಗೆ ಕೊಡಿ. ಕಾಲುಬಾಯಿ ಜ್ವರದ ವೈರಸ್ಸಿಗೆ ಅಷ್ಟು ಸೋಡಾ ತಡೆಯುವುದಿಲ್ಲ.

ಇನ್ನು ಅಕ್ಕನ ಮನೆ. ಮೂರು ಹಸುಗಳೂ ಗುಣವಾದವು, ಒಂದರ ಒಂದು ಮೊಲೆ ಮಾತ್ರ ಬತ್ತಿತು. ಚಿಕಿತ್ಸೆ ನಡೆದಷ್ಟು ದಿನ, ಅದರ ಮೇಲೆ ನಾನು ಹೇಳಿದಷ್ಟು ದಿನ, ಆ ಹಾಲನ್ನು ಸಂಘಕ್ಕೆ ಹಾಕದೆ ಚೆಲ್ಲಿದರು. ಆ ತಿಂಗಳ ಬಿಲ್ಲು ಎಷ್ಟಾಗಿತ್ತು ಎಂದು ಅವರು ಹೇಳಲಿಲ್ಲ, ನಾನೂ ಕೇಳಲಿಲ್ಲ. ಈಗ ಹಟ್ಟಿಗೆ ಯಂತ್ರ ವಾರಕ್ಕೆ ಒಂದು ದಿನ ಮಾತ್ರ, ಹಸುಗಳನ್ನು ತೋಟದ ಬದಿಯಲ್ಲಿ ಕಟ್ಟಿದ ಮೇಲೆ. ಹೋದ ವಾರ ಲಸಿಕೆ ಹಾಕಲು ಹೋದಾಗ ಹಟ್ಟಿಯ ನೆಲದ ಮೇಲೆ ಅಂಗೈ ಇಟ್ಟು ನೋಡಿದೆ, ಒಣಗಿತ್ತು.

ಹೊರಗೆ ಬಂದರೆ ಮಗ ಏಣಿ ಹಾಕುತ್ತಿದ್ದ. "ಅಂಗಳ ಆಯ್ತಲ್ಲ ಡಾಕ್ಟ್ರೇ, ಮಾಡಿಗೂ ಒಮ್ಮೆ ಹೊಡೆದು ಬಿಡುವ ಅಂತ" ಎಂದ. ಮನೆಯದು ಹಳೆಯ ಮಂಗಳೂರು ಹೆಂಚು, ಹಟ್ಟಿಯದು ಆಸ್ಬೆಸ್ಟಾಸ್ ಶೀಟು. ಹೆಂಚಿನ ಮೇಲೆ ಹಾವಸೆ ಇದ್ದರೆ ಯಾವ ಹಸುವೂ ಜಾರುವುದಿಲ್ಲ ಎಂದೆ. ನೀರಿನ ಹೊಡೆತಕ್ಕೆ ಹೆಂಚಿನ ಮೇಲ್ಮೈ ಸವೆಯುತ್ತದೆ, ಒಂದರ ಮೇಲೊಂದು ಕೂತ ಸಂದಿನಿಂದ ನೀರು ಒಳಗೆ ನುಗ್ಗಿ ಪಕ್ಕಾಸಿಗೆ ಇಳಿಯುತ್ತದೆ. ಹಾವಸೆಯ ಮೇಲೆ ಕಾಲಿಟ್ಟವನು ಗನ್ನಿನ ಹಿಮ್ಮೆಟ್ಟಿಗೆ ಆಯ ತಪ್ಪಿದರೆ ಕೆಳಗಿರುವುದು ಅದೇ ಸಿಮೆಂಟಿನ ಅಂಗಳ. ಶೀಟಿನದು ಇನ್ನೂ ಕೆಟ್ಟದ್ದು. ಅದರ ನಾರು ನೀರಿನ ಹೊಡೆತಕ್ಕೆ ಬಿಡಿಸಿಕೊಂಡು ಬಂದು, ಒಣಗಿದ ಮೇಲೆ ಧೂಳಾಗಿ ಉಸಿರಿಗೆ ಹೋಗುತ್ತದೆ. ಶ್ವಾಸಕೋಶಕ್ಕೆ ಹೊಕ್ಕ ಆ ನಾರು ವರ್ಷಗಳ ನಂತರ ಕ್ಯಾನ್ಸರ್ ತರಬಲ್ಲದು. ಶೀಟಿಗೆ ಪ್ರೆಶರ್ ಹೊಡೆಯುವುದೂ ಬೇಡ, ಬ್ರಶ್ ಹಾಕಿ ತಿಕ್ಕುವುದೂ ಬೇಡ.

"ಹಾಗಾದರೆ ಹೆಂಚು?"

"ಬೇಸಗೆಯಲ್ಲಿ ಒಡೆದ ಹೆಂಚು ಬದಲಿಸುತ್ತೀರಲ್ಲ, ಆಗ ಕೆಳಗಿಳಿಸಿದ್ದನ್ನು ಹಿಡಿಸೂಡಿಯಿಂದ ತಿಕ್ಕಿ ಮತ್ತೆ ಇಡಿ."

ಅವನು ಏಣಿ ತೆಗೆದು ಗೋಡೆಗೆ ಒರಗಿಸಿದ. ಅಕ್ಕ ಒಳಗಿನಿಂದಲೇ, "ನಾನು ಹೇಳಿದರೆ ಕೇಳುವುದಿಲ್ಲ ಡಾಕ್ಟ್ರೇ, ನೀವು ಹೇಳಿದ್ದು ಒಳ್ಳೆಯದಾಯಿತು. ಬನ್ನಿ, ಚಹಾ ಆಗಿದೆ" ಎಂದು ಕರೆದರು.